ಅಮ್ಮನ ತುಳಸಿ, ನನ್ನ ಮ್ಯಾಕ್ರೋ ಲೆನ್ಸು

ಕಳೆದ ತಿಂಗಳ ಅಂಕಣ ಓದಿದ ಮೂರ್ನಾಲ್ಕು ಮಂದಿ ಒಂದೇ ಪ್ರಶ್ನೆ ಕೇಳಿದ್ದಾರೆ. ಹೂವು, ಹುಳುಗಳನ್ನು ತೀರಾ ಹತ್ತಿರದಿಂದ ಫೋಟೋ ತೆಗೆಯುವ ಆಸೆ ಇದೆ, ಆದರೆ ಮ್ಯಾಕ್ರೋ ಲೆನ್ಸಿನ ಬೆಲೆ ಕೇಳಿದರೆ ಆಸೆ ಅಲ್ಲಿಗೇ ಇಳಿದುಹೋಗುತ್ತದೆ, ಏನು ಮಾಡುವುದು? ಇದೇ ಪ್ರಶ್ನೆ ಇಟ್ಟುಕೊಂಡು ನಾನೂ ಚೆನ್ನೈನಲ್ಲಿ ಎರಡು ವರ್ಷ ಅಲೆದಿದ್ದೇನೆ. ಒಮ್ಮೆ ಚೆನ್ನಾಗಿಯೇ ಮೋಸಹೋಗಿದ್ದೇನೆ. ನನ್ನ ದುಡ್ಡು ಹೋದದ್ದು ಹೋಯಿತು, ನಿಮ್ಮದಾದರೂ ಉಳಿಯಲಿ ಎಂದು ಈ ಸಲದ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇನೆ.

ಮೊದಲು ನನಗೆ ಈ ಲೆನ್ಸು ಯಾಕೆ ಬೇಕಾಯಿತು ಎಂದು ಹೇಳಬೇಕು. ಅಪ್ಪ ಹೋದ ಮೇಲೆ ಸಾಗರದ ಮನೆಗೆ ಬೀಗ ಹಾಕಿ ಅಮ್ಮನನ್ನು ಇಲ್ಲಿಗೆ ಕರೆತಂದೆ. ಅಮ್ಮ ಬರುವಾಗ ತಂದದ್ದು ಎರಡು ಸೂಟ್‌ಕೇಸು, ಒಂದು ತುಳಸಿ ಗಿಡ. ತಮಿಳು ಬಾರದು, ಲಿಫ್ಟ್ ಹತ್ತಲು ಭಯ, ನಾಲ್ಕನೇ ಮಹಡಿಯ ಬಾಲ್ಕನಿಯೇ ಅಂಗಳ. ಇದರ ಮೇಲೆ ಸಕ್ಕರೆ ಕಾಯಿಲೆ ಕಣ್ಣಿನ ರೆಟಿನಾಕ್ಕೆ ಇಳಿದಿತ್ತು. ಲೇಸರ್ ಮಾಡಿದ ಡಾಕ್ಟರು, ಇರುವ ದೃಷ್ಟಿಯನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಎಂದು ನೇರವಾಗಿಯೇ ಹೇಳಿದರು. ಅಮ್ಮ ದಿನಾ ಬೆಳಿಗ್ಗೆ ತುಳಸಿಯ ಹತ್ತಿರ ನಿಂತು ಬೆರಳಲ್ಲಿ ತಡವಿ ಕದಿರು ಹುಡುಕುತ್ತಿದ್ದರು. ಒಂದು ದಿನ, "ಹೂ ಬಿಟ್ಟಿದ್ಯಾ ಅಪ್ಪೀ? ನಂಗೆ ಎಲ್ಲ ಹಸಿರು ಮುದ್ದೆ ಥರ ಕಾಣತ್ತೆ" ಅಂದರು. ಬಿಟ್ಟಿತ್ತು. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ತೋರಿಸಿದೆ. ಅದರಲ್ಲೂ ಮುದ್ದೆಯೇ. ನನ್ನ ಅಲೆದಾಟ ಶುರುವಾದದ್ದು ಅವತ್ತು.

ಈಗ ವಿಷಯಕ್ಕೆ ಬರೋಣ. ಮ್ಯಾಕ್ರೋ ಅಂದರೆ ಏನು? ವಸ್ತು ಎಷ್ಟು ದೊಡ್ಡದೋ ಕ್ಯಾಮೆರಾದ ಸೆನ್ಸರ್ ಮೇಲೆ ಅದರ ಬಿಂಬವೂ ಅಷ್ಟೇ ದೊಡ್ಡದಾಗಿ ಬಿದ್ದರೆ ಅದು 1:1, ಅಂದರೆ ನಿಜವಾದ ಮ್ಯಾಕ್ರೋ. ಬಿಂಬ ಅರ್ಧದಷ್ಟಿದ್ದರೆ 1:2. ತುಳಸಿಯ ಒಂದು ಹೂವು ಸುಮಾರು 4 ಮಿಲಿಮೀಟರ್. ನನ್ನ ಹಳೆಯ ನಿಕಾನ್ ಕ್ಯಾಮೆರಾದ ಎಪಿಎಸ್-ಸಿ ಸೆನ್ಸರಿನ ಅಗಲ ಸುಮಾರು 23.5 ಮಿಲಿಮೀಟರ್. 1:1ರಲ್ಲಿ ತೆಗೆದರೆ ಹೂವು ಚಿತ್ರದ ಅಗಲದ ಆರನೇ ಒಂದು ಭಾಗ ಬರುತ್ತದೆ. ಮೇಲೆ ಕೆಳಗೆ ಸ್ವಲ್ಪ ಕತ್ತರಿಸಿ, 43 ಇಂಚಿನ ಟಿವಿ ತೆರೆ ತುಂಬುವ ಹಾಗೆ ಹಾಕಿದರೆ ಅದೇ ಹೂವು ಸುಮಾರು 16 ಸೆಂಟಿಮೀಟರ್ ಆಗುತ್ತದೆ. ನಲವತ್ತು ಪಟ್ಟು! ಈ ಲೆಕ್ಕ ಹಾಕಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಂಗಡಿಯಲ್ಲಿ ಒಂದು ಎಚ್ಚರ ಇರಲಿ. ಮ್ಯಾಕ್ರೋ ಎಂದು ಮೈಮೇಲೆ ಬರೆದುಕೊಂಡ ಲೆನ್ಸೆಲ್ಲ ಮ್ಯಾಕ್ರೋ ಅಲ್ಲ. 70-300 ಜೂಮ್‌ಗಳ ಮೇಲೂ ಆ ಮಾತು ಇರುತ್ತದೆ. ಅವುಗಳಲ್ಲಿ ಒಳ್ಳೆಯವು 1:2ರ ತನಕ ಹೋಗುತ್ತವೆ, ಉಳಿದವು ಅಷ್ಟೂ ಇಲ್ಲ. ನಿಕಾನ್‌ನವರದ್ದು ಇನ್ನೊಂದು ತಮಾಷೆ, ಅವರು 1956ರಿಂದಲೂ ಇಂಥ ಲೆನ್ಸಿಗೆ ಮೈಕ್ರೋ ಎಂದೇ ಕರೆಯುತ್ತ ಬಂದಿದ್ದಾರೆ. ಹೆಸರು ನಂಬಬೇಡಿ. ಜೇಬಿನಲ್ಲಿ ಶಾಲೆ ಮಕ್ಕಳ ಸ್ಕೇಲು ಇಟ್ಟುಕೊಂಡು ಹೋಗಿ. ಆದಷ್ಟು ಹತ್ತಿರ ಫೋಕಸ್ ಮಾಡಿ ಸ್ಕೇಲಿನ ಫೋಟೋ ತೆಗೆಯಿರಿ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಚಿತ್ರದ ಈ ತುದಿಯಿಂದ ಆ ತುದಿಗೆ 22ರಿಂದ 24 ಮಿಲಿಮೀಟರ್ ಕಂಡರೆ ಅದು 1:1. 47 ಕಂಡರೆ 1:2. ಫುಲ್ ಫ್ರೇಮ್ ಆದರೆ 1:1ಕ್ಕೆ 36 ಮಿಲಿಮೀಟರ್ ಕಾಣಬೇಕು.

ಇನ್ನು ಅಗ್ಗದ ದಾರಿಗಳನ್ನು ಒಂದೊಂದಾಗಿ ನೋಡೋಣ.

ಎಲ್ಲಕ್ಕಿಂತ ಅಗ್ಗದ್ದು ರಿವರ್ಸ್ ರಿಂಗ್. ಕೆಲವು ನೂರು ರೂಪಾಯಿಯ ಒಂದು ಲೋಹದ ಬಳೆ. ಕ್ಯಾಮೆರಾ ಜೊತೆ ಬಂದ 18-55 ಲೆನ್ಸನ್ನು ಹಿಂದುಮುಂದಾಗಿ ಸಿಕ್ಕಿಸುತ್ತದೆ. 18ರ ಕಡೆಗೆ ತಿರುಗಿಸಿದಷ್ಟೂ ವಸ್ತು ದೊಡ್ಡದಾಗಿ ಕಾಣುತ್ತದೆ. ನಾನು ಶುರುಮಾಡಿದ್ದು ಇದರಿಂದಲೇ. ತೊಂದರೆ ಏನೆಂದರೆ ಆಟೋಫೋಕಸ್ ಇಲ್ಲ, ಅಪರ್ಚರ್ ನಮ್ಮ ಕೈಯಲ್ಲಿಲ್ಲ. ನಿಕಾನಿನ ಇಂಥ ಲೆನ್ಸುಗಳು ಕ್ಯಾಮೆರಾದಿಂದ ಬಿಚ್ಚಿದ ಕೂಡಲೇ ಪೂರ್ತಿ ಮುಚ್ಚಿಕೊಳ್ಳುತ್ತವೆ. ಹಿಂದಿನ ಪುಟ್ಟ ಸನ್ನೆಗೆ ಕಾಗದದ ಚೂರು ಸಿಕ್ಕಿಸಿ ತೆರೆಯಬೇಕು. ಲೆನ್ಸಿನ ಹಿಂಭಾಗದ ಗಾಜು ಬೇರೆ ಧೂಳಿಗೆ ಒಡ್ಡಿಕೊಂಡಿರುತ್ತದೆ. ಹೂವು ಮೂತಿಗೆ ತಾಗುವಷ್ಟು ಹತ್ತಿರ ಹೋಗಬೇಕು. ನಮ್ಮ ಬಾಲ್ಕನಿಗೆ ಸಂಜೆ ಸಮುದ್ರದ ಗಾಳಿ ಬೀಸುತ್ತದೆ, ತುಳಸಿ ಒಂದು ಕ್ಷಣ ನಿಲ್ಲುವುದಿಲ್ಲ. ಕಲಿಯಲು ಒಳ್ಳೆಯದು, ದಿನಬಳಕೆಗೆ ಕಷ್ಟ.

ಎರಡನೆಯದು ಎಕ್ಸ್‌ಟೆನ್ಶನ್ ಟ್ಯೂಬ್. ಇದರಲ್ಲಿ ಗಾಜೇ ಇಲ್ಲ, ಲೆನ್ಸನ್ನು ಸೆನ್ಸರಿನಿಂದ ದೂರ ತಳ್ಳುವ ಟೊಳ್ಳು ಕೊಳವೆ, ಅಷ್ಟೇ. ಕೊಳವೆಯ ಉದ್ದವನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಎಷ್ಟು ಹಿಗ್ಗುತ್ತದೆ ಎಂಬ ಲೆಕ್ಕ ಸಿಗುತ್ತದೆ. 50 ಮಿಲಿಮೀಟರಿನ ಲೆನ್ಸಿಗೆ 50 ಮಿಲಿಮೀಟರ್ ಕೊಳವೆ ಹಾಕಿದರೆ 1:1. ಮನೆಯಲ್ಲಿ 50ರ f/1.8 ಲೆನ್ಸ್ ಇದ್ದವರಿಗೆ ಇದು ಲಾಭದ ದಾರಿ. ಆದರೆ ಕೊಳ್ಳುವಾಗ ವಿದ್ಯುತ್ ಸಂಪರ್ಕದ ಚುಕ್ಕಿಗಳಿರುವುದನ್ನೇ ಕೊಳ್ಳಿ, ಇಲ್ಲದಿದ್ದರೆ ಮತ್ತೆ ಅಪರ್ಚರ್ ಕಥೆ. ಇದರಲ್ಲೂ ವಸ್ತುವಿಗೂ ಲೆನ್ಸಿಗೂ ನಡುವೆ ಉಳಿಯುವುದು ಕೆಲವೇ ಸೆಂಟಿಮೀಟರ್. ಹೂವಿಗೆ ಸಾಕು, ಚಿಟ್ಟೆ ಹಾರಿಹೋಗುತ್ತದೆ.

ಮೂರನೆಯದು ಲೆನ್ಸಿನ ಮುಂದೆ ಹಾಕುವ ಕ್ಲೋಸ್-ಅಪ್ ಗಾಜು. ನಾಲ್ಕು ಫಿಲ್ಟರುಗಳ ಅಗ್ಗದ ಸೆಟ್ ಎಲ್ಲೆಡೆ ಸಿಗುತ್ತದೆ. ಒಂದೇ ಪದರದ ಗಾಜಾದ್ದರಿಂದ ಅಂಚಿನಲ್ಲಿ ನೇರಳೆ ಬಣ್ಣ ಒಸರುತ್ತದೆ, ಅದಕ್ಕೆ ದುಡ್ಡು ಹಾಕಬೇಡಿ. ಇದೇ ಜಾತಿಯಲ್ಲಿ ಚೆನ್ನಾಗಿರುವುದು ರೇನಾಕ್ಸ್ ಡಿಸಿಆರ್-250. ಶಕ್ತಿ 8 ಡಯಾಪ್ಟರ್, ಸ್ಪ್ರಿಂಗ್ ಕ್ಲಿಪ್ಪಿನಿಂದ 52ರಿಂದ 67 ಮಿಲಿಮೀಟರ್ ತನಕದ ಲೆನ್ಸುಗಳಿಗೆ ಬಟ್ಟೆ ಕ್ಲಿಪ್ಪಿನ ಹಾಗೆ ಕೂರುತ್ತದೆ. 55-250 ಅಥವಾ 70-300 ಜೂಮ್ ಇದ್ದವರು 200ರಲ್ಲಿ ಇಟ್ಟು ಇದನ್ನು ಹಾಕಿದರೆ ಸುಮಾರು 1.6 ಪಟ್ಟು ಸಿಗುತ್ತದೆ, ಅಂದರೆ 1:1ಕ್ಕಿಂತಲೂ ಹೆಚ್ಚು. ವಸ್ತುವಿನಿಂದ ಸುಮಾರು 12 ಸೆಂಟಿಮೀಟರ್ ದೂರದಲ್ಲಿ ನಿಲ್ಲಬಹುದು. ಆಟೋಫೋಕಸ್ಸು, ಅಪರ್ಚರ್ ಎರಡೂ ಇದ್ದ ಹಾಗೇ ಇರುತ್ತವೆ. ಟೆಲಿ ಜೂಮ್ ಈಗಾಗಲೇ ಇರುವವರಿಗೆ ನನ್ನ ಮೊದಲ ಸಲಹೆ ಇದೇ.

ನಾಲ್ಕನೆಯದು ನಿಜವಾದ ಮ್ಯಾಕ್ರೋ ಲೆನ್ಸು. ಇದರಲ್ಲಿ ಚಿಕ್ಕದು ಅಗ್ಗ. ನಿಕಾನಿನ 40 ಮಿಲಿಮೀಟರ್, ಕ್ಯಾನನ್ನಿನ 35 ಈ ಸಾಲಿನವು. ಕ್ಯಾನನ್ನಿನದಕ್ಕೆ ಮೂತಿಯಲ್ಲೇ ಪುಟ್ಟ ದೀಪ ಇದೆ. ಹೂವು, ಆಭರಣ, ಅಡುಗೆ ಫೋಟೋಗೆ ಒಳ್ಳೆಯವು. ಆದರೆ 1:1ಕ್ಕೆ ಹೋದರೆ ಲೆನ್ಸಿನ ನೆರಳೇ ವಸ್ತುವಿನ ಮೇಲೆ ಬೀಳುತ್ತದೆ. ಹುಳುಗಳ ಆಸೆ ಇದ್ದರೆ 90ರಿಂದ 105ರೊಳಗಿನದು ಬೇಕು. ಹೊಸದು ದುಬಾರಿ, ಹಾಗಾಗಿ ಸೆಕೆಂಡ್ ಹ್ಯಾಂಡ್. ಟ್ಯಾಮ್ರಾನ್ 90, ಟೋಕಿನಾ 100 ಹಳೆಯ ಮಾದರಿಗಳು ಚಿತ್ರದ ಗುಣದಲ್ಲಿ ಯಾರಿಗೂ ಕಡಿಮೆ ಇಲ್ಲ. ಟ್ಯಾಮ್ರಾನ್‌ನವರು 1979ರಿಂದ 90ರ ಮ್ಯಾಕ್ರೋ ಮಾಡುತ್ತ ಬಂದಿದ್ದಾರೆ. ಹಳೆಯ ಕೆಲವಕ್ಕೆ ಒಳಗೆ ಮೋಟಾರ್ ಇಲ್ಲ, ನಿಕಾನಿನ ಚಿಕ್ಕ ಕ್ಯಾಮೆರಾಗಳಲ್ಲಿ ಆಟೋಫೋಕಸ್ ಆಗುವುದಿಲ್ಲ. ಹೆದರಬೇಡಿ. ಮ್ಯಾಕ್ರೋದಲ್ಲಿ ಹೇಗೂ ಕೈಯಲ್ಲೇ ಫೋಕಸ್ ಮಾಡುತ್ತೇವೆ, ಬೆಲೆ ಇಳಿಸಲು ಅದೇ ಒಳ್ಳೆಯ ನೆಪ!

ಈಗ ನಾನು ಮೋಸಹೋದ ಕಥೆ. ಮೌಂಟ್ ರೋಡಿನ ಪಕ್ಕದ ಒಂದು ಗಲ್ಲಿಯಲ್ಲಿ ಸೆಕೆಂಡ್ ಹ್ಯಾಂಡ್ ಮ್ಯಾಕ್ರೋ ಲೆನ್ಸ್ ಸಿಕ್ಕಿತು. ಸಂಜೆ ಹೊತ್ತು, ಟ್ಯೂಬ್‌ಲೈಟ್ ಬೆಳಕು, ಚೌಕಾಸಿಯ ಖುಷಿ. ಹನ್ನೊಂದು ಸಾವಿರ ಕೊಟ್ಟು ತಂದೆ. ಮಾರನೆಯ ದಿನ ಬಿಸಿಲಿಗೆ ಹಿಡಿದರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆಗಳು. ಫಂಗಸ್! ಹಿಂದಕ್ಕೆ ತೆಗೆದುಕೊಳ್ಳುವ ಮಾತೇ ಇಲ್ಲ ಅಂದರು. ರಿಪೇರಿಯವರು ಬಿಚ್ಚಿ ನೋಡಿ, ಗಾಜಿನ ಲೇಪವನ್ನೇ ತಿಂದಿದೆ, ಒರೆಸಿದರೂ ಗುರುತು ಹೋಗುವುದಿಲ್ಲ ಅಂದರು. ಅಮ್ಮನ ಕಣ್ಣಿನ ಮುಂದಿನ ಚುಚ್ಚುಮದ್ದಿಗೆಂದು ತೆಗೆದಿಟ್ಟಿದ್ದ ಹಣದಿಂದ ಸ್ವಲ್ಪ ಇದಕ್ಕೆ ತಿರುಗಿಸಿದ್ದೆ ಎಂಬುದನ್ನು ಈ ತನಕ ಮನೆಯಲ್ಲಿ ಹೇಳಿಲ್ಲ. ಎರಡು ತಿಂಗಳು ಆಫೀಸಿನ ಕ್ಯಾಂಟೀನ್ ಬಿಟ್ಟು ಡಬ್ಬಿ ಕಟ್ಟಿಕೊಂಡು ಹೋಗಿ ಅದನ್ನು ಸರಿದೂಗಿಸಿದೆ.

ಆದ್ದರಿಂದ ಕೇಳಿ. ಹಳೆಯ ಲೆನ್ಸ್ ಕೊಳ್ಳುವಾಗ ಹಗಲಿನಲ್ಲಿ ಹೋಗಿ. ಮುಚ್ಚಳ ಎರಡೂ ತೆಗೆದು, ಅಪರ್ಚರ್ ಪೂರ್ತಿ ತೆರೆದು, ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ನಾಲ್ಕಾರು ಧೂಳಿನ ಕಣ ಇದ್ದರೆ ಪರವಾಗಿಲ್ಲ. ಎಳೆ, ಮಂಜು ಕಂಡರೆ ನಮಸ್ಕಾರ ಹೇಳಿ ಬನ್ನಿ. ಚೆನ್ನೈ, ಮುಂಬೈ, ಮಂಗಳೂರಿನಂಥ ಕಡಲ ಊರಿನವರು ಕೊಂಡ ಮೇಲೂ ಹುಷಾರಾಗಿರಬೇಕು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವಾಂಶ ತೋರಿಸುವ ಪುಟ್ಟ ಮೀಟರ್ ಇಟ್ಟರೆ ಸಾಕು. ಮುಳ್ಳು 40ರಿಂದ 50ರ ನಡುವೆ ಇರಲಿ. ಚರ್ಮದ ಚೀಲದಲ್ಲಿ ಹಾಕಿ ಬೀರುವಿನಲ್ಲಿ ಇಡಬೇಡಿ. ಏಸಿ ಕೋಣೆಯಿಂದ ನೇರ ಹೊರಗೆ ತಂದರೆ ಗಾಜಿನ ಮೇಲೆ ಹನಿ ಕಟ್ಟುತ್ತದೆ, ಮುಚ್ಚಿದ ಚೀಲದಲ್ಲೇ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ತೆಗೆಯಿರಿ.

ಕೊನೆಗೆ ನಾನು ಕೊಂಡದ್ದು ಮದುವೆ ಫೋಟೋ ತೆಗೆಯುವವರೊಬ್ಬರು ಉಂಗುರದ ಚಿತ್ರಕ್ಕೆಂದು ಇಟ್ಟುಕೊಂಡಿದ್ದ ಹಳೆಯ ಟ್ಯಾಮ್ರಾನ್ 90. ಸ್ಕೇಲು, ಟಾರ್ಚು ಎರಡೂ ಪರೀಕ್ಷೆ ಪಾಸಾದ ಮೇಲೆಯೇ ದುಡ್ಡು ಎಣಿಸಿದೆ. ಉಳಿದ ಹಣದಲ್ಲಿ ಒಂದು ಸಾದಾ ಮ್ಯಾನುವಲ್ ಫ್ಲಾಶ್ ತಂದು ಮುಂದೆ ಬಟರ್ ಪೇಪರ್ ಕಟ್ಟಿದೆ. ಇದನ್ನು ಮರೆಯಬೇಡಿ. 1:1ರಲ್ಲಿ f/8 ಇಟ್ಟರೂ ಸ್ಪಷ್ಟವಾಗಿ ಕಾಣುವ ಆಳ ಒಂದು ಮಿಲಿಮೀಟರಿಗಿಂತ ಕಡಿಮೆ, ಬೆಳಕು ಬೇರೆ ಎರಡು ಸ್ಟಾಪ್ ಕುಗ್ಗುತ್ತದೆ. ದುಬಾರಿ ಲೆನ್ಸು ಕೊಂಡು ಬೆಳಕಿಲ್ಲದೆ ಒದ್ದಾಡುವುದಕ್ಕಿಂತ ಅಗ್ಗದ ಲೆನ್ಸು ಮತ್ತು ಫ್ಲಾಶ್ ಮೇಲು.

ತುಳಸಿ ಹೂವಿನ ಫೋಟೋವನ್ನು ಟಿವಿಗೆ ಹಾಕಿದ ದಿನ ಅಮ್ಮ ಕುರ್ಚಿಯನ್ನು ತೆರೆಯ ಹತ್ತಿರಕ್ಕೆ ಎಳೆದುಕೊಂಡರು. ನಸುನೇರಳೆ ದಳ, ಹೊರಚಾಚಿದ ನಾಲ್ಕು ಕೇಸರ, ತುದಿಯಲ್ಲಿ ಹಳದಿ ಪುಡಿ. ಬಹಳ ಹೊತ್ತು ನೋಡಿ, "ಐವತ್ತು ವರ್ಷ ಇದಕ್ಕೆ ನೀರು ಹಾಕಿದೆ, ಒಂದಿನಾನೂ ಮುಖ ನೋಡಿರಲಿಲ್ಲ" ಅಂದರು.

ಅಲ್ಲಿಂದ ಭಾನುವಾರ ಬೆಳಿಗ್ಗೆ ಸೆಮ್ಮೊಳಿ ಪೂಂಗಾಕ್ಕೆ ಹೋಗುವುದು ರೂಢಿಯಾಯಿತು. ಹಳೆಯ ಮದ್ರಾಸಿನ ಕನ್ನಡಿಗರಿಗೆ ಆ ಜಾಗ ಗೊತ್ತಿರಲೇಬೇಕು. ಉಡುಪಿ ಕಡೆಯಿಂದ ಬಂದ ಕೆ. ಕೃಷ್ಣರಾಯರ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ 1962ರಿಂದ 2008ರ ತನಕ ಇದ್ದದ್ದು ಅಲ್ಲೇ, ಕೆಥೆಡ್ರಲ್ ರಸ್ತೆಯಲ್ಲಿ. 2010ರಲ್ಲಿ ಅದು ಉದ್ಯಾನವಾಯಿತು. ದೋಸೆಗೆ ಕಾಯುತ್ತಿದ್ದ ಮರದಡಿಯಲ್ಲಿ ಈಗ ನಾನು ಹುಳುವಿಗೆ ಕಾಯುತ್ತೇನೆ. ಕ್ಯಾಮೆರಾಗೆ ಬೇರೆ ಟಿಕೆಟ್ ಬೇಕೇ ಎಂದು ಬಾಗಿಲಲ್ಲೇ ಕೇಳಿಕೊಳ್ಳಿ. ಹಿಂಗಾರು ಮಳೆ ಒಂದೆರಡು ಸುತ್ತು ಬಿದ್ದ ಮೇಲಿನ ಬೆಳಗುಗಳು ಒಳ್ಳೆಯವು. ಹುಳುಗಳನ್ನು ಹಿಡಿದು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ಫೋಟೋ ತೆಗೆಯುವವರಿದ್ದಾರೆ, ಆ ಪಾಪ ಬೇಡ.

ಒಮ್ಮೆ ಎಲೆಯ ಮೇಲೆ ಕೆಂಪಿರುವೆಯೊಂದರ ಫೋಟೋ ಚೆನ್ನಾಗಿ ಬಂತು. ನಮ್ಮೂರಿನ ಚಗಳಿ ಇಲ್ಲೂ ಇದೆ ಎಂದು ಅಮ್ಮನಿಗೆ ಹೆಮ್ಮೆಯಿಂದ ತೋರಿಸಿದೆ. ಅಮ್ಮ ತೆರೆಗೆ ಮೂಗು ತಾಗುವಷ್ಟು ಬಗ್ಗಿ, ಬೆರಳಿಟ್ಟು ಎಣಿಸಿದರು. "ಚಗಳಿ ಎಂತದೋ ಮಾರಾಯ, ಎಂಟು ಕಾಲಿದೆ. ಚಗಳಿ ಮೀಸೆ ಮೊಣಕೈ ಮಡಚಿದ ಹಾಗಿರತ್ತೆ. ಇದು ಮುಂದಿನ ಕಾಲು ಎತ್ತಿ ಮೀಸೆ ಅಂತ ಆಟ ಕಟ್ತಾ ಇದೆ. ಇದು ಜೇಡ."

ಹೌದು. ಚಗಳಿಯ ವೇಷ ಹಾಕಿಕೊಂಡು ಬದುಕುವ ಜಿಗಿಯುವ ಜೇಡ ಅದು, ಮಿರ್ಮಪ್ಲೇಟಾ ಎಂಬ ಜಾತಿಯದ್ದು. ಎರಡು ಕಣ್ಣೂ ನೆಟ್ಟಗಿರುವ ನಾನು ಕ್ಯಾಮೆರಾದ ಹಿಂದೆ ಅರ್ಧ ಗಂಟೆ ಕೂತು ಗಮನಿಸದ್ದನ್ನು ಅಮ್ಮ ಎರಡು ನಿಮಿಷದಲ್ಲಿ ಕಂಡುಹಿಡಿದಿದ್ದರು. ತೋಟದಲ್ಲಿ ಚಗಳಿ ಕೈಲಿ ಎಷ್ಟು ಸಲ ಕಚ್ಚಿಸಿಕೊಂಡಿದ್ದಾರೋ!

ಕಣ್ಣು ಸುಧಾರಿಸಿಲ್ಲ. ಊರಿಗೆ ಯಾವಾಗ ಹೋಗುವುದು ಎಂದು ಕೇಳುವುದನ್ನೂ ಅಮ್ಮ ಬಿಟ್ಟಿಲ್ಲ. ಆದರೆ ಭಾನುವಾರ ಮಧ್ಯಾಹ್ನ ನಾನು ಬೂಟು ಬಿಚ್ಚುವ ಮೊದಲೇ "ಇವತ್ತು ಎಂತ ಸಿಕ್ತು?" ಎಂಬ ಪ್ರಶ್ನೆ ಬರುತ್ತದೆ, ಟಿವಿ ಆಗಲೇ ಆನ್ ಆಗಿರುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಟೆಲಿ ಜೂಮ್ ಇದ್ದರೆ ರೇನಾಕ್ಸ್, 50ರ ಲೆನ್ಸಿದ್ದರೆ ಟ್ಯೂಬ್, ಹುಳುಗಳ ಹುಚ್ಚು ನಿಜವಾಗಿ ಹಿಡಿದಿದ್ದರೆ ಹಳೆಯ 90. ಯಾವುದೇ ಆಗಲಿ, ಸ್ಕೇಲು ಮತ್ತು ಟಾರ್ಚು ಜೊತೆಗಿರಲಿ. ಬಟರ್ ಪೇಪರ್ ಕಟ್ಟಿದ ಫ್ಲಾಶಿನ ಬಗ್ಗೆ ಮುಂದಿನ ತಿಂಗಳು ವಿವರವಾಗಿ ಬರೆಯುತ್ತೇನೆ. ಅಷ್ಟರಲ್ಲಿ ನಿಮ್ಮ ಮನೆಯ ತುಳಸಿಯ ಮುಖವನ್ನೊಮ್ಮೆ ನೋಡಿ, ಫೋಟೋ ಬಂದರೆ ಕಳಿಸಿ. ಅಮ್ಮನಿಗೂ ತೋರಿಸುತ್ತೇನೆ.