ನಿಜಾಮರ ದೇಶ, ಮೈಸೂರಿನ ದೇಶ ಮತ್ತು ತೊಗರಿ ನಾಡಿನ ಲೆಕ್ಕ

ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕಕ್ಕೆ ದೊರೆತ ಮೀಸಲಾತಿಯಿಂದ ಉಳಿದ ಜಿಲ್ಲೆಗಳ ಯುವಕರಿಗೆ ಅನ್ಯಾಯವಾಗುತ್ತಿದೆ ಎಂಬ ಆಕ್ಷೇಪವು 2024ರಲ್ಲಿ ಬೆಂಗಳೂರಿನಲ್ಲಿ ಬಹಿರಂಗ ಪ್ರತಿಭಟನೆಯ ರೂಪ ತಾಳಿ, ಅದಕ್ಕೆ ಪ್ರತಿಯಾಗಿ ಕಲಬುರಗಿಯಲ್ಲಿಯೂ ಜನ ಬೀದಿಗಿಳಿದ ಮೇಲೆ, ಹಳೆಯ ಎರಡು ಮಾತುಗಳು ಮತ್ತೆ ಚಲಾವಣೆಗೆ ಬಂದಿವೆ. ದಕ್ಷಿಣದ ಜಿಲ್ಲೆಗಳು ದುಡಿದು ಮೇಲೆ ಬಂದವು, ಈಶಾನ್ಯದ ಮೂಲೆ ಮಾತ್ರ ಸರ್ಕಾರದ ಕಡೆ ಕೈಚಾಚಿ ಕುಳಿತಿತು ಎಂಬುದು ಒಂದು. ನಿಜಾಮರ ಕಾಲದಲ್ಲಿ ಈ ಸೀಮೆ ಸಂಪನ್ನವಾಗಿತ್ತು, ರಾಜ್ಯ ಗಟ್ಟಿಯಾಗಿತ್ತು, ಕರ್ನಾಟಕಕ್ಕೆ ಸೇರಿದ ಮೇಲೆಯೇ ಕೆಟ್ಟಿತು ಎಂಬುದು ಇನ್ನೊಂದು. ಮೊದಲನೆಯದು ಬೆಂಗಳೂರಿನ ದರ್ಪದಿಂದ, ಎರಡನೆಯದು ಕಲಬುರಗಿಯ ನೋವಿನಿಂದ ಹುಟ್ಟಿದ್ದರೂ ಎರಡೂ ಮಾಡುತ್ತಿರುವ ತಪ್ಪು ಒಂದೇ. ತೀರ ಭಿನ್ನವಾದ ಎರಡು ದೇಶಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗುತ್ತಿದ್ದೇವೆ ಎಂಬ ಅರಿವು ಎರಡಕ್ಕೂ ಇಲ್ಲ.

ಇಲ್ಲಿ ದೇಶ ಎಂಬ ಪದ ಅಲಂಕಾರದ ಮಾತಲ್ಲ. 1948ರ ಸೆಪ್ಟೆಂಬರ್ ತನಕ ಇಂದಿನ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳು ಇದ್ದದ್ದು ಸ್ವಂತ ಅಂಚೆ, ಸ್ವಂತ ರೈಲ್ವೆ, ಸ್ವಂತ ಸುಂಕದ ಕಟ್ಟೆ ಹಾಗೂ ಹಾಲಿ ಸಿಕ್ಕಾ ಎಂಬ ಸ್ವಂತ ನಾಣ್ಯವಿದ್ದ ಹೈದರಾಬಾದ್ ಸಂಸ್ಥಾನದಲ್ಲಿ; ಆಳಂದದ ವ್ಯಾಪಾರಿ ಹತ್ತಿರದ ಸೊಲ್ಲಾಪುರದ ಪೇಟೆಗೆ ಹೋದರೆ ಅಲ್ಲಿ ನಡೆಯುತ್ತಿದ್ದುದು ಬ್ರಿಟಿಷ್ ಭಾರತದ ರೂಪಾಯಿ, ಅವನ ಕೈಯಲ್ಲಿದ್ದುದು ಅದಕ್ಕಿಂತ ಬೆಲೆ ಕಡಿಮೆಯಿದ್ದ ನಿಜಾಮರ ರೂಪಾಯಿ. 1941ರ ಜನಗಣತಿಯ ವೇಳೆಗೆ ಹೈದರಾಬಾದಿನಲ್ಲಿ 1 ಕೋಟಿ 60 ಲಕ್ಷಕ್ಕೂ ಹೆಚ್ಚು, ಮೈಸೂರಿನಲ್ಲಿ 73 ಲಕ್ಷದಷ್ಟು ಜನರಿದ್ದರು. ವಿಸ್ತಾರದಲ್ಲಿಯೂ ಖ್ಯಾತಿಯಲ್ಲಿಯೂ ಹೈದರಾಬಾದೇ ದೊಡ್ಡದು. 1937ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ಅಲ್ಲಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅವರನ್ನು ಜಗತ್ತಿನ ಅತ್ಯಂತ ಶ್ರೀಮಂತ ಎಂದು ಮುಖಪುಟಕ್ಕೇರಿಸಿತ್ತು. ಆದರೆ 1951ರ ಜನಗಣತಿ ಬಂದಾಗ ಓದು ಬರಹ ಬಲ್ಲವರ ಪ್ರಮಾಣ ಮೈಸೂರಿನಲ್ಲಿ ಸುಮಾರು ಶೇ 20, ಹೈದರಾಬಾದಿನಲ್ಲಿ ಸುಮಾರು ಶೇ 9. ಅರಸನ ಸಿರಿಗೂ ಪ್ರಜೆಯ ಬದುಕಿಗೂ ಎಷ್ಟು ದೂರವಿತ್ತೆಂಬುದನ್ನು ತೋರಿಸಲು ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಾಗಿಲ್ಲ.

ಈ ಅಂತರ ಜನರ ಸ್ವಭಾವದಿಂದ ಬಂದದ್ದಲ್ಲ, ಆಳಿದವರು ಎಲ್ಲಿ ಹಣ ಹೂಡಿದರು ಮತ್ತು ಯಾರ ಮಾತಿಗೆ ಕಿವಿಗೊಟ್ಟರು ಎಂಬುದರಿಂದ ಬಂದದ್ದು. ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ 1881ರಷ್ಟು ಹಿಂದೆಯೇ ಸೇರಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿಯಿತು. 1913ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಆಯ್ದ ಪ್ರದೇಶಗಳಲ್ಲಾದರೂ ಕಡ್ಡಾಯಗೊಳಿಸುವ ಕಾನೂನು ಬಂತು, ಅದೇ ವರ್ಷ ಮೈಸೂರು ಬ್ಯಾಂಕ್, ಮೂರು ವರ್ಷಗಳ ನಂತರ ವಿಶ್ವವಿದ್ಯಾಲಯ, 1931ರ ಹೊತ್ತಿಗೆ ಕನ್ನಂಬಾಡಿ ಕಟ್ಟೆ. ಶಿವನಸಮುದ್ರದ ವಿದ್ಯುತ್ ಮೊದಲು ಬೆಳಗಿದ್ದು ರೈತರ ಮನೆಗಳನ್ನಲ್ಲ, ಬ್ರಿಟಿಷ್ ಕಂಪನಿಗಳ ಕೈಯಲ್ಲಿದ್ದ ಕೋಲಾರದ ಚಿನ್ನದ ಗಣಿಗಳನ್ನು ಎಂಬುದನ್ನು ಮೈಸೂರಿನ ಅಭಿಮಾನಿಗಳು ಮರೆಯಬಾರದಾದರೂ, ಆ ಸಂಸ್ಥಾನ ತನ್ನ ಹಳ್ಳಿಗಳನ್ನು ಲೆಕ್ಕಕ್ಕೆ ಹಿಡಿದಿತ್ತು ಎಂಬುದು ನಿಜ. ಹೈದರಾಬಾದಿನ ಹೂಡಿಕೆ ಹೆಚ್ಚಾಗಿ ರಾಜಧಾನಿಯ ಸುತ್ತ ನಡೆಯಿತು. 1908ರ ಮೂಸಿ ನದಿಯ ಪ್ರವಾಹದ ಬಳಿಕ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಕಟ್ಟಲ್ಪಟ್ಟವು, ಮಂಜೀರಾ ನದಿಗೆ ನಿಜಾಮ್ ಸಾಗರ ಬಂತು. ಭೀಮಾ ನದಿ ಮಾತ್ರ ಅಫಜಲಪುರ ಮತ್ತು ಜೇವರ್ಗಿಯ ಎರೆ ಭೂಮಿಯ ಪಕ್ಕದಲ್ಲೇ ಹರಿದುಹೋಗುತ್ತಿತ್ತು. ಕಲಬುರಗಿಗೆ ಬಟ್ಟೆ ಗಿರಣಿ, ಶಹಾಬಾದಿಗೆ ಸಿಮೆಂಟ್ ಕಾರ್ಖಾನೆ, ವಾಡಿಗೆ ರೈಲು ಬಂದವು, ಹಳ್ಳಿಗೆ ಶಾಲೆ ಬರಲಿಲ್ಲ.

ಇದರ ಹಿಂದೆ ಭೂಮಿಯ ಒಡೆತನದ ಒಂದು ವ್ಯವಸ್ಥೆಯೇ ಇತ್ತು. ನಿಜಾಮರ ಸ್ವಂತ ವೆಚ್ಚಕ್ಕೆ ಮೀಸಲಾದ ಸರ್ಫ್-ಎ-ಖಾಸ್ ಜಮೀನು, ಸೇನೆ ಸಾಕುವ ಹೆಸರಿನಲ್ಲಿ ಶ್ರೀಮಂತ ಮನೆತನಗಳಿಗೆ ಬಿಟ್ಟುಕೊಟ್ಟ ಪೈಗಾ ಸೀಮೆ, ಸೇವೆಗೆ ಪ್ರತಿಯಾಗಿ ಕೊಟ್ಟ ಜಾಗೀರು, ಇವೆಲ್ಲ ಸೇರಿ ಸಂಸ್ಥಾನದ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನ ನೆಲ ಸರ್ಕಾರದ ನೇರ ಕಂದಾಯ ಆಡಳಿತದ ಹೊರಗಿತ್ತು, ಕಲಬುರಗಿ ಸೀಮೆಯ ಹಲವು ಹಳ್ಳಿಗಳು ಇಂಥ ಒಡೆತನದಲ್ಲಿಯೇ ಇದ್ದವು. ಅಲ್ಲಿ ವಸೂಲಿಗೆ ಒಡೆಯನಿದ್ದ. ಕೆರೆ, ರಸ್ತೆ, ಶಾಲೆಗೆ ಹೊಣೆಗಾರನಿರಲಿಲ್ಲ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ದೇಶೀ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ನೀಡಿದ ದಿಟ್ಟ ಪ್ರಯೋಗವಾದರೂ ಆ ಭಾಷೆ ಉರ್ದುವಾಗಿತ್ತು. ಮನೆಯಲ್ಲಿ ಕನ್ನಡ ಆಡುವ ಜೇವರ್ಗಿಯ ಹುಡುಗನಿಗೆ ಕಚೇರಿಯ ಬಾಗಿಲೂ ಕಾಲೇಜಿನ ಬಾಗಿಲೂ ಮತ್ತೊಂದು ಭಾಷೆಯಲ್ಲಿ ತೆರೆಯುತ್ತಿದ್ದವು. 1907ರಲ್ಲಿ ಕಲಬುರಗಿಯಲ್ಲಿ ಆರಂಭವಾದ ನೂತನ ವಿದ್ಯಾಲಯದಂಥ ಖಾಸಗಿ ಪ್ರಯತ್ನಗಳು ಇಂಥ ನೆಲದಲ್ಲಿ ಬೇರೂರಿದವು ಎಂಬುದೇ ಈ ಭಾಗದ ಜನ ಕೈಕಟ್ಟಿ ಕೂರಲಿಲ್ಲ ಎಂಬುದಕ್ಕೆ ಪುರಾವೆ.

ನಿಜಾಮರ ಕಾಲದ ಸ್ಥಿರತೆಯನ್ನು ಹೊಗಳುವವರು ಆ ಪದದ ಎರಡು ಅರ್ಥಗಳನ್ನು ಬೆರೆಸುತ್ತಾರೆ. ಆಳ್ವಿಕೆಯ ಸ್ಥಿರತೆ ಎಂದರೆ ಸಿಂಹಾಸನ ಅಲುಗದಿರುವುದು. ಬದುಕಿನ ಸ್ಥಿರತೆ ಎಂದರೆ ಒಂದು ವರ್ಷ ಮಳೆ ಕೈಕೊಟ್ಟರೂ ಒಕ್ಕಲು ಮನೆತನ ಊರು ಬಿಡದೆ ಉಳಿಯುವುದು. 1724ರಿಂದ ಎರಡು ಶತಮಾನಕ್ಕೂ ಹೆಚ್ಚು ಕಾಲ ಬಾಳಿದ ಆಸಫ್ ಜಾಹಿ ಆಳ್ವಿಕೆಗೆ ಮೊದಲನೆಯದು ಧಾರಾಳವಾಗಿತ್ತು. ಅಷ್ಟು ಗಟ್ಟಿಯೆನಿಸಿದ್ದ ರಾಜ್ಯ 1948ರ ಸೆಪ್ಟೆಂಬರ್ 13ರಿಂದ 17ರ ಐದೇ ದಿನಗಳಲ್ಲಿ ಭಾರತದ ಸೇನೆಯೆದುರು ಕುಸಿಯಿತು. ಅದಕ್ಕೆ ಮೊದಲು ನಿಜಾಮರ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿಗೆ ಹೆದರಿ ಗಡಿಯ ಹಳ್ಳಿಗಳ ಜನ ಸೊಲ್ಲಾಪುರದ ಕಡೆ ಓಡಿದರು. ಅದರ ನಂತರ ನಡೆದ ಹತ್ಯೆಗಳಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳೆಂದು ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಹೆಸರಿಸಿದ ನಾಲ್ಕರಲ್ಲಿ ಗುಲ್ಬರ್ಗವೂ (ಇಂದಿನ ಕಲಬುರಗಿ) ಒಂದು, ಅಲ್ಲಿ ಸತ್ತವರು ಹೆಚ್ಚಾಗಿ ಮುಸ್ಲಿಮರು. ಒಂದನ್ನು ನೆನೆದು ಇನ್ನೊಂದನ್ನು ಮುಚ್ಚಿಡುವ ಇತಿಹಾಸ ಈ ಸೀಮೆಗೆ ಬೇಡ. ಪ್ರಜೆಗಳ ಒಪ್ಪಿಗೆಯ ಮೇಲೆ ನಿಲ್ಲದ ಆ ಗಟ್ಟಿತನ ಕುಸಿದಾಗ ಅದರ ಭಾರವನ್ನೆಲ್ಲ ಹೊತ್ತವರು ಎರಡೂ ಧರ್ಮದ ಹಳ್ಳಿಗರು.

ದಕ್ಷಿಣದವರ ಮಾತಿಗೆ ಬಂದರೆ, ಈ ತುಲನೆಯನ್ನು ಮೈಸೂರು ಬಹಳ ಹಿಂದೆಯೇ ಅಧಿಕೃತವಾಗಿ ಮಾಡಿತ್ತು. ಏಕೀಕರಣದ ಚರ್ಚೆ ಕಾವೇರಿದ್ದ 1950ರ ದಶಕದ ಮೊದಲರ್ಧದಲ್ಲಿ ಮೈಸೂರು ಸರ್ಕಾರ ಎಂ. ಶೇಷಾದ್ರಿ ಅವರ ಅಧ್ಯಕ್ಷತೆಯಲ್ಲಿ ಸತ್ಯಶೋಧನಾ ಸಮಿತಿಯನ್ನು ನೇಮಿಸಿ, ಸೇರಲಿರುವ ಪ್ರದೇಶಗಳ ಸ್ಥಿತಿಗತಿಯನ್ನು ಅಳೆಯಿಸಿತು. ಬಡ ಪ್ರದೇಶಗಳ ಹೊರೆ ತಮ್ಮ ಮೇಲೆ ಬೀಳುತ್ತದೆ ಎಂದು ಮೈಸೂರಿನ ಹಲವರು ಏಕೀಕರಣವನ್ನು ವಿರೋಧಿಸಿದ್ದೂ ಉಂಟು. ಅಂದರೆ 1956ರ ನವೆಂಬರ್ 1ರಂದು ಎರಡು ದೇಶಗಳು ಒಂದು ರಾಜ್ಯವಾದಾಗ ಅಂತರ ಎಷ್ಟೆಂಬುದು ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ಗೊತ್ತಿದ್ದೂ ಅದನ್ನು ತುಂಬುವ ಸಾಂವಿಧಾನಿಕ ಹೊಣೆಯನ್ನು ಯಾರೂ ಬರೆದಿಡಲಿಲ್ಲ ಎಂಬುದೇ ಇಂದಿನ ವಿವಾದದ ಬೇರು.

ಬರೆದಿಡಲು ಸಾಧ್ಯವಿತ್ತು ಎಂಬುದನ್ನು ಅದೇ ಹೈದರಾಬಾದ್ ಸಂಸ್ಥಾನದ ಉಳಿದ ಎರಡು ತುಂಡುಗಳು ತೋರಿಸುತ್ತವೆ. ಮರಾಠಿ ಭಾಗವಾದ ಮರಾಠವಾಡಕ್ಕೆ 1956ರ ಏಳನೇ ತಿದ್ದುಪಡಿಯಲ್ಲಿಯೇ 371ನೇ ವಿಧಿಯ ರಕ್ಷಣೆ ಸಿಕ್ಕಿತು. ತೆಲಂಗಾಣವನ್ನು ಒಳಗೊಂಡ ಆಂಧ್ರಪ್ರದೇಶಕ್ಕೆ 1973ರಲ್ಲಿ 371(ಡಿ) ಬಂತು. ಕನ್ನಡ ಭಾಗಕ್ಕೆ ವೈಜನಾಥ ಪಾಟೀಲರಂಥವರ ದಶಕಗಳ ಹೋರಾಟದ ನಂತರ 371(ಜೆ) ಸಂಸತ್ತಿನಲ್ಲಿ ಅಂಗೀಕಾರವಾದದ್ದು 2012ರ ಡಿಸೆಂಬರಿನಲ್ಲಿ. ಈ ಭಾಗದ ಹುದ್ದೆಗಳಲ್ಲಿ ದರ್ಜೆಗೆ ತಕ್ಕಂತೆ ಶೇ 75ರಿಂದ 85, ರಾಜ್ಯಮಟ್ಟದ ಹುದ್ದೆಗಳಲ್ಲಿ ಶೇ 8 ಸ್ಥಳೀಯರಿಗೆ ಮೀಸಲು. ಬೆಂಗಳೂರಿನಲ್ಲಿ ಎದ್ದ ಕೂಗು ಹೆಚ್ಚಾಗಿ ಈ ಶೇ 8ರ ಬಗೆಗಿನದು. 2011ರ ಜನಗಣತಿಯಂತೆ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ ಮತ್ತು ಅವಿಭಜಿತ ಬಳ್ಳಾರಿ ಜಿಲ್ಲೆಗಳ ಜನಸಂಖ್ಯೆ ಒಂದು ಕೋಟಿ ಹನ್ನೆರಡು ಲಕ್ಷ, ರಾಜ್ಯದ ಶೇ 18ಕ್ಕಿಂತ ಹೆಚ್ಚು. ಜನಸಂಖ್ಯೆಯ ಪಾಲಿನ ಅರ್ಧವೂ ಅಲ್ಲದ ಮೀಸಲಾತಿಯನ್ನು ಲೂಟಿಯೆಂಬಂತೆ ಚಿತ್ರಿಸುವುದು ಅಪ್ರಾಮಾಣಿಕ ವಾದ.

ಎರಡು ದೇಶಗಳು ಒಂದಾದ ಮೇಲೆ ಅಂತರವನ್ನು ಹೇಗೆ ನಿಭಾಯಿಸಬೇಕು ಎಂಬುದಕ್ಕೆ ಜರ್ಮನಿಯ ಉದಾಹರಣೆ ಉಪಯುಕ್ತ. ಎಲ್ಲರಿಗೂ ಉದ್ಯೋಗ, ಅಗ್ಗದ ಮನೆ ಎಂಬ ಸ್ಥಿರತೆಯನ್ನು ಹೇಳಿಕೊಳ್ಳುತ್ತಿದ್ದ ಪೂರ್ವ ಜರ್ಮನಿ ತನ್ನ ಜನ ಓಡಿಹೋಗದಂತೆ 1961ರಲ್ಲಿ ಗೋಡೆ ಕಟ್ಟಬೇಕಾಯಿತು. 1990ರ ಅಕ್ಟೋಬರ್ 3ರಂದು ಅದು ಪಶ್ಚಿಮದೊಡನೆ ಸೇರಿದ ಮರುವರ್ಷವೇ ಐಕ್ಯಮತ್ಯ ಮೇಲ್ತೆರಿಗೆ, ಅಂದರೆ ಆದಾಯ ತೆರಿಗೆಯ ಮೇಲೆ ಹೆಚ್ಚುವರಿಯಾಗಿ ಹಾಕುವ ಕರ, ಜಾರಿಗೆ ಬಂತು, ನಡುವೆ ಒಮ್ಮೆ ನಿಂತು 1995ರಿಂದ ಮುಂದುವರಿಯಿತು, 2021ರಲ್ಲಷ್ಟೇ ಬಹುಪಾಲು ತೆರಿಗೆದಾರರು ಅದರಿಂದ ಮುಕ್ತರಾದರು. ಇಷ್ಟಾದರೂ ಪೂರ್ವದ ಕೂಲಿ ಪಶ್ಚಿಮದ ಮಟ್ಟಕ್ಕೆ ಪೂರ್ತಿ ಏರಿಲ್ಲ. ಜರ್ಮನಿ ಒಂದೇ ವರ್ಷದಲ್ಲಿ ಒಪ್ಪಿಕೊಂಡ ಹೊಣೆಯನ್ನು ಒಪ್ಪಿಕೊಳ್ಳಲು ಕರ್ನಾಟಕಕ್ಕೆ 56 ವರ್ಷ ಬೇಕಾಯಿತು. ಒಪ್ಪಿದ ಹತ್ತು ಹನ್ನೆರಡು ವರ್ಷಗಳಲ್ಲಿಯೇ ಇನ್ನೂ ಎಷ್ಟು ಕಾಲ ಎಂಬ ಪ್ರಶ್ನೆ ಏಳುತ್ತಿದೆ.

ಈ ಹೊಣೆ ಏಕೆ ಬೇಕೆಂಬುದಕ್ಕೆ ಸಾಕ್ಷ್ಯದ ಕೊರತೆಯಂತೂ ಇರಲಿಲ್ಲ. 2002ರಲ್ಲಿ ವರದಿ ಕೊಟ್ಟ ಡಿ.ಎಂ. ನಂಜುಂಡಪ್ಪ ಸಮಿತಿ, ಕೃಷಿ, ಶಿಕ್ಷಣ, ಆರೋಗ್ಯ ಮುಂತಾದ 35 ಸೂಚಕಗಳನ್ನು ಕೂಡಿಸಿ, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, ಪ್ರತಿ ತಾಲ್ಲೂಕು ಅದಕ್ಕಿಂತ ಎಷ್ಟು ಕೆಳಗಿದೆ ಅಥವಾ ಮೇಲಿದೆ ಎಂದು ಅಳೆಯಿತು. 175 ತಾಲ್ಲೂಕುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಕಂಡುಬಂದವು. ಅವುಗಳಲ್ಲಿ 21 ಗುಲ್ಬರ್ಗ ವಿಭಾಗದವು, ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅದರಲ್ಲಿದ್ದವು. ರಾಜ್ಯ ಸರ್ಕಾರದ ಆರ್ಥಿಕ ಸಮೀಕ್ಷೆಗಳ ಇತ್ತೀಚಿನ ಲೆಕ್ಕದಲ್ಲಿಯೂ ಕಲಬುರಗಿ ಜಿಲ್ಲೆಯ ತಲಾ ಆದಾಯ ಬೆಂಗಳೂರು ನಗರ ಜಿಲ್ಲೆಯದರ ಐದನೇ ಒಂದು ಭಾಗದಷ್ಟು.

ಹಣ ಕೊಟ್ಟರೂ ಸರಿಯಾಗಿ ಖರ್ಚಾಗುವುದಿಲ್ಲ ಎಂಬ ಆಕ್ಷೇಪದಲ್ಲಿ ಸತ್ಯವಿದೆ, ಅದನ್ನು ಈ ಭಾಗದವರು ಕೋಪಿಸಿಕೊಳ್ಳದೆ ಕೇಳಬೇಕು. ವೀರೇಂದ್ರ ಪಾಟೀಲ, ಧರ್ಮಸಿಂಗ್ ಎಂಬ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟ ಜಿಲ್ಲೆ ಕಲಬುರಗಿ. ಧರ್ಮಸಿಂಗ್ ಜೇವರ್ಗಿಯನ್ನೇ ಹಲವು ಬಾರಿ ಪ್ರತಿನಿಧಿಸಿದವರು. 2023–24ರಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಘೋಷಣೆಯಾದ ಮೊತ್ತ 5,000 ಕೋಟಿ ರೂಪಾಯಿ. ಆ ಹಣ ಸಿಸಿ ರಸ್ತೆ, ಸಮುದಾಯ ಭವನ, ಆವರಣ ಗೋಡೆಗಳಿಗೆ ಸುಲಭವಾಗಿ ಹರಿಯುತ್ತದೆ, ಏಕೆಂದರೆ ಅವುಗಳಲ್ಲಿ ಗುತ್ತಿಗೆ ಇದೆ. ಖಾಲಿ ಬಿದ್ದ ಶಿಕ್ಷಕರ ಹುದ್ದೆ ತುಂಬುವುದರಲ್ಲಿ ಗುತ್ತಿಗೆಯಿಲ್ಲ. ಒಳ್ಳೆಯ ಕೆಲಸಗಳೂ ಆಗಿವೆ. ಆಳಂದ ತಾಲ್ಲೂಕಿನ ಕಡಗಂಚಿಗೆ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಬಂತು, 2024ರ ಕೊನೆಯಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ ತೆರೆಯಿತು. ಆದರೂ ಆಳಂದ, ಅಫಜಲಪುರದ ಗಡಿ ಹಳ್ಳಿಗಳಲ್ಲಿ ಯಾರಿಗಾದರೂ ಜೋರು ಕಾಯಿಲೆ ಬಂದರೆ ಸೊಲ್ಲಾಪುರಕ್ಕೆ ಒಯ್ಯುವುದು ಇಂದಿಗೂ ರೂಢಿ.

ಸರಾಸರಿಗಳು ಇನ್ನೊಂದು ಸಂಗತಿಯನ್ನು ಮರೆಮಾಡುತ್ತವೆ. ಭೀಮೆಯ ದಂಡೆಯ ಊರುಗಳಲ್ಲಿ ಕಬ್ಬು ಬೆಳೆಯುತ್ತದೆ, ಭೂಸನೂರ ಮತ್ತು ಹಾವಳಗಾದಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ದಂಡೆಯಿಂದ ಸ್ವಲ್ಪ ದೂರ ಸರಿದರೆ ಮಳೆಯನ್ನೇ ನಂಬಿದ ತೊಗರಿ, ಹಿಂಗಾರಿ ಜೋಳ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಲಬುರಗಿ ತೊಗರಿಗೆ ಹೆಸರು ಬಂದಿದೆಯಾದರೂ, ನೆಟೆ ರೋಗ ತಗುಲಿ ನಿಂತ ನಿಲುವಿನಲ್ಲೇ ಒಣಗುವ ಬೆಳೆಯನ್ನು ಆ ಹೆಸರು ಉಳಿಸುವುದಿಲ್ಲ. ಭೀಮೆಯೂ ನಂಬುಗೆಯ ನದಿಯಲ್ಲ. ಕೃಷ್ಣಾ ಜಲವಿವಾದದ ಬಚಾವತ್ ನ್ಯಾಯಮಂಡಳಿ ಅದರ ಮುಖ್ಯ ಹರಿವಿನಿಂದ ಕರ್ನಾಟಕಕ್ಕೆ ನೀಡಿದ್ದು 15 ಟಿಎಂಸಿ, ಅಂದರೆ 1,500 ಕೋಟಿ ಘನ ಅಡಿ ನೀರು; ಬೇಸಿಗೆಯಲ್ಲಿ ನದಿಯ ಪಾತ್ರ ಒಣಗಿ ಅಫಜಲಪುರದವರು ಉಜನಿ ಅಣೆಕಟ್ಟೆಯಿಂದ ನೀರು ಬಿಡಿ ಎಂದು ಮಹಾರಾಷ್ಟ್ರವನ್ನು ಕೇಳುತ್ತಾರೆ, 2020ರ ಅಕ್ಟೋಬರಿನಲ್ಲಿ ಬಂದಂಥ ಮಹಾಪೂರದಲ್ಲಿ ಸೊನ್ನ ಬ್ಯಾರೇಜಿನ ಕೆಳಗಿನ ಊರುಗಳು ಮುಳುಗುತ್ತವೆ. ಒಂದು ಒಕ್ಕಲುತನಕ್ಕೆ ಬರವೂ ನೆರೆಯೂ ಸರದಿಯಂತೆ ಬರುವಲ್ಲಿ ಸರಾಸರಿ ಆದಾಯ ಎಂಬುದು ಬದುಕಿನ ಮಟ್ಟವನ್ನು ಹೇಳಬಹುದೇ ಹೊರತು ಅದರ ಭದ್ರತೆಯನ್ನು ಹೇಳಲಾರದು.

ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು 2024ರಲ್ಲಿ ರಾಜ್ಯ ಸರ್ಕಾರ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ರಚಿಸಿತು. ಹೊಸ ಸೂಚ್ಯಂಕ ಯಾವುದೇ ಬರಲಿ, ಅದರಲ್ಲಿ ಗುಳೆಯ ಲೆಕ್ಕ ಇರಲೇಬೇಕು. ಬರವಿರಲಿ ಇಲ್ಲದಿರಲಿ, ತೊಗರಿಯ ರಾಶಿ ಮುಗಿದ ಮೇಲೆ ಈ ಮೂರು ತಾಲ್ಲೂಕುಗಳ ಬಸ್ ನಿಲ್ದಾಣಗಳಿಂದ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗಂಟು ಕಟ್ಟಿಕೊಂಡು ದುಡಿಯಲು ಹೊರಡುವ ಕುಟುಂಬಗಳೆಷ್ಟು, ಎಷ್ಟು ತಿಂಗಳು ಮನೆಗೆ ಬೀಗ ಬೀಳುತ್ತದೆ, ಅವರ ಜೊತೆ ಎಷ್ಟು ಮಕ್ಕಳು ತರಗತಿ ಬಿಟ್ಟು ನಡೆಯುತ್ತಾರೆ ಎಂಬುದನ್ನು ಪಂಚಾಯಿತಿವಾರು ಎಣಿಸುವುದು ಕಷ್ಟದ ಕೆಲಸವಲ್ಲ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡದ ಫಲಿತಾಂಶ ಶೇ 91.12 ಆಗಿ ಕಲಬುರಗಿಯದು ಶೇ 42.43ಕ್ಕೆ ಇಳಿದು ರಾಜ್ಯದ ಕೊನೆಯ ಸ್ಥಾನಕ್ಕೆ ಬಂದಾಗ ಮಕ್ಕಳ ಬುದ್ಧಿಯ ಬಗೆಗೂ ಶಿಕ್ಷಕರ ಶ್ರದ್ಧೆಯ ಬಗೆಗೂ ಬೇಕಾದಷ್ಟು ಮಾತುಗಳು ಬಂದವು. ಆ ಪರೀಕ್ಷೆ ನಡೆಯುವ ಮಾರ್ಚ್ ತಿಂಗಳಲ್ಲಿ ಈ ಸೀಮೆಯ ಎಷ್ಟು ಮನೆಗಳ ಬಾಗಿಲು ಮುಚ್ಚಿರುತ್ತದೆ ಎಂಬ ಪ್ರಶ್ನೆಯನ್ನು ಬೆಂಗಳೂರಿನಲ್ಲಾಗಲಿ ಕಲಬುರಗಿಯಲ್ಲಾಗಲಿ ಯಾರೂ ಗಟ್ಟಿಯಾಗಿ ಕೇಳಲಿಲ್ಲ.