ಹಿತ್ತಲಿಗೆ ಯಾವುದು ಹಿತ: ನುಗ್ಗೆಯೋ, ಅಂದದ ಮರವೋ?

ಕೃಷ್ಣರಾಜಪೇಟೆ ತಾಲ್ಲೂಕಿನ ಬೂಕನಕೆರೆ ಸೀಮೆಯಲ್ಲೂ ಹೆಂಚಿನ ಮನೆಗಳ ಜಾಗದಲ್ಲಿ ತಾರಸಿ ಮನೆಗಳು ಏಳುತ್ತಿವೆ. ಕಾಂಪೌಂಡಿನೊಳಗೆ ಉಳಿಯುವುದು ಒಂದೆರಡು ಮರಕ್ಕಾಗುವಷ್ಟು ಜಾಗ. ಅಲ್ಲಿ ಏನು ನೆಡಬೇಕೆಂಬುದು ಸಣ್ಣ ಪ್ರಶ್ನೆಯಲ್ಲ.

ಅಂದಕ್ಕಾಗಿ ನೆಡುವ ಮರಗಳಲ್ಲಿ ಈಚೆಗೆ ಬೇಗ ಹರಡಿದ್ದು ಕೊನೊಕಾರ್ಪಸ್. ವರ್ಷವಿಡೀ ಹಸಿರು, ಬೆಳವಣಿಗೆಯೂ ಚುರುಕು. ಆದರೆ ಇದರ ಬೇರು ನೀರಿನ ಕೊಳವೆ, ಚರಂಡಿಗಳನ್ನು ಕೆಡಿಸುತ್ತದೆ, ಪರಾಗದಿಂದ ನೆಗಡಿ, ಉಬ್ಬಸ ಬರುತ್ತದೆ ಎಂದು ಗುಜರಾತ್ ಸರ್ಕಾರ 2023ರಲ್ಲಿ ಇದನ್ನು ನೆಡುವುದನ್ನೇ ನಿಷೇಧಿಸಿತು.

ಇನ್ನು ಮನೆಯೊಳಗಿನ ಸ್ಥಿತಿ ನೋಡೋಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆ ಇದೆ. 2015–16ರ ಸಮೀಕ್ಷೆಗಿಂತ ಇವೆರಡೂ ಹೆಚ್ಚು. ಕಬ್ಬು, ಭತ್ತ ಬೆಳೆಯುವ ಮನೆಗೂ ತರಕಾರಿ ಸಂತೆಯಿಂದಲೇ ಬರಬೇಕು. ಕೈಯಲ್ಲಿ ಕಾಸಿಲ್ಲದ ವಾರ ಸೊಪ್ಪಿಗೇ ಮೊದಲು ಕತ್ತರಿ.

ನುಗ್ಗೆ ಸೊಪ್ಪಿನಲ್ಲಿ ಕಬ್ಬಿಣ, ಸುಣ್ಣ, ಸಸಾರಜನಕ, ‘ಎ’ ಜೀವಸತ್ವಗಳಿವೆ. ಅದೊಂದರಿಂದಲೇ ರಕ್ತಹೀನತೆ ವಾಸಿಯಾಗದು. ಆದರೂ ಕಾಸು ಖರ್ಚಿಲ್ಲದೆ ದಿನವೂ ಸಾರಿಗೆ ಒದಗುವ ಸೊಪ್ಪು ಇದು. ಚಳಿಗಾಲದಲ್ಲಿ ಕಾಯಿಯ ಬೆಲೆ ಗಗನಕ್ಕೇರುವುದನ್ನೂ ರೈತರು ಕಂಡಿದ್ದಾರೆ.

ಬೆಳೆಸುವ ಕ್ರಮ

ತಮಿಳುನಾಡಿನ ಪೆರಿಯಕುಳಂನ ಪಿಕೆಎಂ-1, ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿಗಳು ಬೀಜದಿಂದಲೇ ಬೆಳೆದು ಆರು ತಿಂಗಳ ಆಸುಪಾಸಿನಲ್ಲಿ ಕಾಯಿ ಕೊಡುತ್ತವೆ. ಗಿಡ ಎರಡೂವರೆ ಅಡಿ ಬೆಳೆದಾಗ ತುದಿ ಚಿವುಟಿದರೆ ಕವಲು ಹೆಚ್ಚು. ಕೊಯ್ಲಿನ ನಂತರ ಮೂರಡಿ ಎತ್ತರಕ್ಕೆ ಕಡಿದರೆ ಮತ್ತೆ ಚಿಗುರುತ್ತದೆ. ಬಚ್ಚಲ ನೀರು ಬುಡದಲ್ಲಿ ನಿಂತರೆ ಬೇರು ಕೊಳೆಯುತ್ತದೆ, ಹರಿದು ಹೋಗುವಂತಿರಲಿ.

ನುಗ್ಗೆಗೂ ದೋಷಗಳಿವೆ. ಕೊಂಬೆ ಪೆಡಸು, ಗಾಳಿಗೆ ಮುರಿಯುತ್ತದೆ. ನೆರಳು ತೆಳು. ಮಳೆಗಾಲದಲ್ಲಿ ಕಂಬಳಿಹುಳು ಕಾಟ. ಹಗಲಿನಲ್ಲಿ ಕಾಂಡದ ಮೇಲೆ ಗುಂಪುಗೂಡುವ ಹುಳುಗಳನ್ನು ತೊಗಟೆಗೆ ಹಾನಿಯಾಗದಂತೆ ಪಂಜಿನಿಂದ ಸುಡಬಹುದು. ಆದ್ದರಿಂದ ಮನೆಬಾಗಿಲು, ವಿದ್ಯುತ್ ತಂತಿಗಳಿಂದ ದೂರ, ಹಿತ್ತಲ ಮೂಲೆಯಲ್ಲಿ ನೆಡುವುದು ಲೇಸು.

ವಿಶಾಲ ಅಂಗಳವಿದ್ದು ನೆರಳೇ ಬೇಕೆನ್ನುವವರಿಗೆ ಹೊಂಗೆ, ಬೇವುಗಳಿವೆ. ಹೊಂಗೆ ಸೊಪ್ಪು ಗದ್ದೆಗೆ ಗೊಬ್ಬರವೂ ಹೌದು. ಒಂದೇ ಮರಕ್ಕೆ ಜಾಗವಿರುವ ಮನೆಯಲ್ಲಿ ಮಾತ್ರ ಮೊದಲ ಹಕ್ಕು ನುಗ್ಗೆಯದು. ಸಸಿ ತರುವ ಮುನ್ನ ಮನೆಯ ಹೆಣ್ಣುಮಕ್ಕಳನ್ನು ಒಮ್ಮೆ ಕೇಳಿದರೆ ಆಯ್ಕೆ ಸುಲಭವಾದೀತು.