ಕನಸಿನ ಊರಲ್ಲಿ ಮಾಣಿ ಯಾರು?

ಆದರ್ಶ ಸಮಾಜದ ಕಾದಂಬರಿ ಕೈಗೆ ಸಿಕ್ಕರೆ ನಾನು ಮೊದಲು ಹುಡುಕೋದು ಇಷ್ಟೇ: ಇಲ್ಲಿ ಊಟ ಬಡಿಸುವವರು ಯಾರು, ಎಂಜಲು ತಟ್ಟೆ ಎತ್ತುವವರು ಯಾರು? ಸರ್ಕಾರ, ಕಾನೂನು ಎಲ್ಲ ಆಮೇಲೆ.

ಅಮೆರಿಕದ ಎಡ್ವರ್ಡ್ ಬೆಲ್ಲಮಿ 1888ರಲ್ಲಿ ಪ್ರಕಟಿಸಿದ 'ಲುಕಿಂಗ್ ಬ್ಯಾಕ್‌ವರ್ಡ್' ಇದಕ್ಕೆ ನೇರವಾಗಿ ಉತ್ತರ ಕೊಡುತ್ತೆ. ನಿದ್ದೆ ಬಾರದೆ ಒದ್ದಾಡುವ ಬಾಸ್ಟನ್ನಿನ ಸಿರಿವಂತ ಜೂಲಿಯನ್ ವೆಸ್ಟ್ 1887ರ ಒಂದು ರಾತ್ರಿ ಸಮ್ಮೋಹನಕ್ಕೆ ಒಳಗಾಗಿ ಮಲಗುತ್ತಾನೆ. ಎದ್ದಾಗ ಇಸವಿ 2000! ಬಡವ ಬಲ್ಲಿದ ಅನ್ನೋದೇ ಇಲ್ಲ. 21ರಿಂದ 45ನೇ ವಯಸ್ಸಿನವರೆಗೆ ದೇಶಕ್ಕಾಗಿ ದುಡಿಮೆ, ಎಲ್ಲರಿಗೂ ಸಮಪಾಲು. ಕಷ್ಟದ ಕೆಲಸಕ್ಕೆ ಹೆಚ್ಚು ಸಂಬಳ ಇಲ್ಲ, ಕೆಲಸದ ಗಂಟೆ ಕಮ್ಮಿ. ಅಂಗಡಿಗೆ ಹೋದರೆ ದುಡ್ಡಿನ ಬದಲು ಕ್ರೆಡಿಟ್ ಕಾರ್ಡ್. (ಹೌದು, ಆತ ಬಳಸಿದ್ದು ಇದೇ ಹೆಸರು. ಆದರೆ ಅದು ಸಾಲದ ಕಾರ್ಡಲ್ಲ, ವರ್ಷದ ಪಾಲಿನ ಲೆಕ್ಕ.)

ಒಂದು ದಿನ ಎಲ್ಲರೂ ಸಾರ್ವಜನಿಕ ಭೋಜನಶಾಲೆಗೆ ಹೋಗುತ್ತಾರೆ. ಬಡಿಸುವ ಹುಡುಗ ಓದಿಕೊಂಡವನು, ಯಾರ ಮುಂದೆಯೂ ತಲೆ ತಗ್ಗಿಸುವವನಲ್ಲ. ವೆಸ್ಟ್‌ಗೆ ಮುಜುಗರ. ಆಗ ಅವನಿಗೆ ಆಸರೆ ಕೊಟ್ಟ ಡಾಕ್ಟರ್ ಲೀಟ್ ಹೇಳುತ್ತಾರೆ, ನಲವತ್ತು ವರ್ಷದ ಹಿಂದೆ ನಾನೂ ಇಲ್ಲೇ ಮಾಣಿಯಾಗಿದ್ದೆ ಅಂತ. ಮೊದಲ ಮೂರು ವರ್ಷ ಹೇಳಿದ ಕೆಲಸ ಮಾಡಲೇಬೇಕು, ಯಾರಿಗೂ ವಿನಾಯಿತಿ ಇಲ್ಲ.

ಮುಂಬಯಿಯಲ್ಲಿ ಹಗಲು ಉಡುಪಿ ಹೋಟೆಲಿನ ಮಾಣಿಯಾಗಿ ದುಡಿದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರು ನಮ್ಮಲ್ಲೂ ಎಷ್ಟೋ ಮಂದಿ ಇದ್ದಾರೆ. ದೊಡ್ಡವರಾದ ಮೇಲೆ ತಟ್ಟೆ ಎತ್ತಿದ್ದನ್ನು ಹೇಳಿಕೊಳ್ಳೋಕೆ ಕೆಲವರಿಗೆ ಸಂಕೋಚ. ಲೀಟ್‌ಗೆ ಆ ಸಂಕೋಚವೇ ಇಲ್ಲ ನೋಡಿ! ಈ ಒಂದು ಪ್ರಸಂಗಕ್ಕಾಗಿ ಪುಸ್ತಕದ ಉದ್ದುದ್ದ ಉಪನ್ಯಾಸಗಳನ್ನು (ಬೋರು ಹೊಡೆಸುತ್ತವೆ, ಸುಳ್ಳು ಯಾಕೆ) ಕ್ಷಮಿಸಿಬಿಡಬಹುದು.

ಆದರೆ ಇನ್ನೊಬ್ಬ ಆಳು ಇದ್ದಾನೆ, ಅವನ ವಿಷಯದಲ್ಲಿ ಬೆಲ್ಲಮಿಯನ್ನು ಕ್ಷಮಿಸೋದು ಕಷ್ಟ. ಸಾಯರ್, ವೆಸ್ಟ್‌ನ ಕರಿಯ ಸೇವಕ. ಸಮ್ಮೋಹನದ ನಿದ್ದೆಯಿಂದ ಒಡೆಯನನ್ನು ಎಬ್ಬಿಸೋದು ಅವನಿಗೇ ಗೊತ್ತು. ಅದೇ ರಾತ್ರಿ ಮನೆ ಸುಟ್ಟುಹೋಗುತ್ತೆ. ಸಾಯರ್ ಬೆಂಕಿಯಲ್ಲಿ ಸತ್ತಿರಬೇಕು ಅಂತ ಊಹಿಸಿ ಕಥೆ ಮುಂದೆ ಹೋಗುತ್ತೆ. ಅಲ್ಲಿಂದಾಚೆ ಇಸವಿ 2000ರ ಆ ಸಮಾನತೆಯ ಬಾಸ್ಟನ್ನಿನಲ್ಲಿ ಒಬ್ಬನೇ ಒಬ್ಬ ಕರಿಯ ಮನುಷ್ಯ ಕಾಣಿಸೋದಿಲ್ಲ. ಕೊನೆಗೆ, ಮತ್ತೆ 1887ಕ್ಕೇ ವಾಪಸಾದೆ ಅಂತ ವೆಸ್ಟ್ ಕಾಣುವ ಕೆಟ್ಟ ಕನಸಿನಲ್ಲಿ ಸಾಯರ್ ಬರುತ್ತಾನೆ. ಅಲ್ಲೂ ಆಳಾಗಿಯೇ.

ಗುಲಾಮಗಿರಿ ಕಾನೂನಿನಿಂದ ರದ್ದಾದದ್ದು 1865ರಲ್ಲಿ. ಪುಸ್ತಕ ಬಂದಾಗ ಇನ್ನೂ ಇಪ್ಪತ್ತಮೂರೇ ವರ್ಷ. ಲಕ್ಷಾಂತರ ಜನ ಓದಿದರು, ಬೆಲ್ಲಮಿಯ ವಿಚಾರ ಹಿಡಿದು ಊರೂರಲ್ಲಿ ಕ್ಲಬ್ಬು ಕಟ್ಟಿದರು. 1897ರಲ್ಲಿ ಆತ ಇದರ ಮುಂದಿನ ಭಾಗ ಬರೆದ. ಅದರಲ್ಲಿ ಕರಿಯರ ಮಾತು ಬರುತ್ತೆ. ಹೊಸ ವ್ಯವಸ್ಥೆ ಬಂದರೂ ಜನಾಂಗಗಳು ಮೊದಲಿಗಿಂತ ಹೆಚ್ಚು ಬೆರೆಯಬೇಕಾಗಿಲ್ಲ ಅನ್ನೋ ಭರವಸೆ ಅಲ್ಲಿದೆ. ಪುಸ್ತಕದ ಹೆಸರು 'ಈಕ್ವಾಲಿಟಿ'.